ಬಲಗಡೆಯ ಮಡ್‌ಗಾರ್ಡ್

ನಿಕನೋರಾಳ ಬಲಗೈಯ ನಡುಬೆರಳು ಮಡಚುವುದು ನಿಂತು ಮೂರು ವರ್ಷವಾಗಿತ್ತು. ಬೆಳಗ್ಗೆ ಎದ್ದವಳೇ ಆ ಕೈಯನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂರಬೇಕು. ಇಲ್ಲದಿದ್ದರೆ ಕಾಫಿ ಲೋಟವೂ ಹಿಡಿತಕ್ಕೆ ಸಿಗದು. ಇಪ್ಪತ್ತಾರು ವರ್ಷ ತಗಡು ಬಡಿದ ಕೈ ಅದು. ಸುತ್ತಿಗೆ ಹಿಡಿದಾಗ ಮಾತ್ರ ಅದಕ್ಕೆ ತನ್ನ ನೋವು ಮರೆತುಹೋಗುತ್ತಿತ್ತು.

ಪಾಲೊ ಸೆಕೊ ಊರಿಗೆ ಇದ್ದದ್ದು ಒಂದೇ ಟಿಂಕರಿಂಗ್ ಶೆಡ್ಡು. ಶೆಡ್ಡಿನ ಮೇಲೆ ಯಜಮಾನ ಹ್ಯಾಗರ್ಟಿಯ ಹೆಸರು, ಒಳಗೆ ನಿಕನೋರಾಳ ಕೆಲಸ. ತಗಡಿನ ಚಾವಣಿ. ಹತ್ತು ಗಂಟೆಗೆಲ್ಲ ಒಳಗೆ ಕಾದ ಕಾವಲಿ. ಅಲ್ಯೂಮಿನಿಯಂ ಉಜ್ಜಿದ ಬೂದುಪುಡಿ ಮೂಗಿನೊಳಗೆ, ರೆಪ್ಪೆಯ ಮೇಲೆ, ಮಧ್ಯಾಹ್ನ ಬಿಚ್ಚಿದ ರೊಟ್ಟಿಯ ಮೇಲೆ. ಶೆಡ್ಡಿಗೆ ಎರಡು ಫ್ಯಾನು. ಒಂದು ಹ್ಯಾಗರ್ಟಿಯ ಕೋಣೆಯಲ್ಲಿ, ಇನ್ನೊಂದು ಕೆಟ್ಟಿತ್ತು.

ಸುತ್ತ ಎಲ್ಲ ರೇಸ್ ಕುದುರೆ ಸಾಕುವ ರ‍್ಯಾಂಚುಗಳು. ಆ ಸೀಮೆಯಲ್ಲಿ ಕುದುರೆಗಿದ್ದ ಮರ್ಯಾದೆ ಕುದುರೆ ತೊಳೆಯುವವರಿಗೆ ಇರಲಿಲ್ಲ. ಕುದುರೆಗಳ ಓಡಾಟಕ್ಕೆ ಥಳಥಳ ಹೊಳೆಯುವ ಅಲ್ಯೂಮಿನಿಯಂ ಟ್ರೇಲರು. ಲದ್ದಿ ಎತ್ತುವವರು ನಡೆದೋ ಸೈಕಲ್ ತುಳಿದೋ ಬರಬೇಕು.

ಬುಧವಾರ ಬೆಳಗ್ಗೆ ಸ್ಟ್ರೌಡ್ ತನ್ನ ಟ್ರೇಲರನ್ನು ತಾನೇ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಆ ಕಡೆಯ ದೊಡ್ಡ ರ‍್ಯಾಂಚು ಅವನದೇ. ನಾಲ್ಕು ಕುದುರೆ ಹಿಡಿಸುವ ಟ್ರೇಲರು. ಎರಡು ಪಕ್ಕಕ್ಕೂ ಚಕ್ರದ ಮೇಲೆ ಕವುಚಿಕೊಂಡ ಮಡ್‌ಗಾರ್ಡುಗಳು ಒಂದೊಂದು ಗೇಣು ಹೊರಗೆ ಚಾಚಿದ್ದವು. ಎರಡೂ ನೆಗ್ಗಿದ್ದವು.

"ಎಡಗಡೇದು ಹಳೇದು. ಹೆಣ್ಣುಕುದುರೆ ಒದ್ದಿದ್ದು," ಎಂದ ಸ್ಟ್ರೌಡ್. "ಬಲಗಡೇದು ಮೊನ್ನೆ. ರಿವರ್ಸ್ ತಗೊಳ್ಳೋವಾಗ ಗೇಟಿನ ಕಂಬಕ್ಕೆ ತಾಗಿಬಿಡ್ತು. ಶನಿವಾರ ರೇಸಿದೆ. ಶುಕ್ರವಾರ ಮಧ್ಯಾಹ್ನಕ್ಕೆ ರೆಡಿ ಇರಬೇಕು."

"ಆಗುತ್ತೆ ಮಿಸ್ಟರ್ ಸ್ಟ್ರೌಡ್, ಆಗುತ್ತೆ," ಎಂದು ಹ್ಯಾಗರ್ಟಿ ಕೈ ಉಜ್ಜಿದ.

ಸ್ಟ್ರೌಡ್ ನಿಕನೋರಾಳ ಕಡೆ ತಿರುಗಿ ನಕ್ಕ. "ನಿನ್ನ ಕೈಯಲ್ಲಿ ಜಾದೂ ಇದೆ ಅಂತಾರೆ ನಿಕಾ. ಡೊಂಕು ಎಲ್ಲಿತ್ತು ಅಂತ ನನಗೇ ಗೊತ್ತಾಗಬಾರದು, ಹಾಗೆ ಮಾಡು."

ಅವಳು ತಲೆಯಾಡಿಸಿದಳು. ಹೊಗಳಿಕೆ ಯಾರಿಗೆ ಬೇಡ?

ಅವತ್ತು ಎಡಗಡೆಯದನ್ನು ಮುಗಿಸಿದಳು. ಕಬ್ಬಿಣದ ತಗಡಾದರೆ ಬಡಿದಾಗ ತನ್ನ ಜಾಗಕ್ಕೆ ಅರ್ಧ ದಾರಿ ತಾನೇ ಬರುತ್ತದೆ. ಅಲ್ಯೂಮಿನಿಯಂ ಬರುವುದಿಲ್ಲ. ಪೆಟ್ಟು ತಿಂದ ಜಾಗದಲ್ಲಿ ಗಡುಸಾಗಿ ಕೂತುಬಿಡುತ್ತದೆ, ಬಲವಂತ ಮಾಡಿದರೆ ಸೀಳುತ್ತದೆ. ಮೊದಲು ಅದನ್ನು ಮೆತ್ತಗೆ ಮಾಡಬೇಕು. ಗ್ಯಾಸಿನ ಉರಿಯನ್ನು ಹಳದಿಗೆ ಇಟ್ಟು ತಗಡಿಗೆಲ್ಲ ಮಸಿ ಹಿಡಿಸಬೇಕು. ಆಮೇಲೆ ಉರಿಯನ್ನು ನೀಲಿಗೆ ತಿರುಗಿಸಿ ಆ ಮಸಿ ಮಾಯವಾಗುವಷ್ಟೇ ಕಾಯಿಸಬೇಕು. ಒಂದು ಕ್ಷಣ ಹೆಚ್ಚಾದರೂ ತಗಡು ತೂತಾಗಿ ಕರಗಿ ನೆಲಕ್ಕೆ ಬೀಳುತ್ತದೆ. ಮೆತ್ತಗಾದದ್ದನ್ನು ಮರಳಿನ ಚೀಲದ ಮೇಲೆ ಮಗುಚಿ, ಮರದ ಕೊಡತಿಯಿಂದ ಅಂಚಿನಿಂದ ಒಳಕ್ಕೆ ಸುತ್ತು ಹಾಕುತ್ತ ಬಡಿಯಬೇಕು. ಕೊನೆಗೆ ಕಣ್ಣು ಮುಚ್ಚಿ ಅಂಗೈ ಆಡಿಸಬೇಕು. ಕಣ್ಣಿಗೆ ತಪ್ಪಿಸಿಕೊಂಡದ್ದು ಅಂಗೈಗೆ ಸಿಗುತ್ತದೆ.

ಗುರುವಾರ ಬಲಗಡೆಯದರ ಮುಂದೆ ಮಂಡಿಯೂರಿದಳು. ಎಂಟು ಬೋಲ್ಟುಗಳಲ್ಲಿ ಐದು ಬಿಚ್ಚಿದ್ದಳು. ಆರನೆಯದಕ್ಕೆ ಸ್ಪ್ಯಾನರ್ ಹಾಕಿದವಳು ಅಲ್ಲೇ ಕೈ ತಡೆದಳು.

ನೆಗ್ಗು ಮಡ್‌ಗಾರ್ಡಿನ ಮುಂದಿನ ಬಾಗಿನಲ್ಲಿತ್ತು. ತಗಡು ಮುಂದಿನಿಂದ ಹಿಂದಕ್ಕೆ ಮುದುಡಿತ್ತು. ನೆಗ್ಗಿನ ನಡುವೆ ಎರಡು ಸಣ್ಣ ಗುಳಿ. ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಬೆರಳ ಅಂತರ. ಅದರ ಕೆಳಗೆ ಬಳೆಯ ತುಂಡಿನಂತೆ ಟೈರು ಉಜ್ಜಿದ ಕಪ್ಪು ಗೆರೆ. ಗುಳಿಗಳ ಒಳಗೆ ಉಗುರಿನಷ್ಟು ಬಣ್ಣ. ಹಸಿರೂ ಅಲ್ಲ, ನೀಲಿಯೂ ಅಲ್ಲ.

ಆ ಬಣ್ಣವನ್ನು ಕಲಸಿದ್ದವಳೇ ನಿಕನೋರಾ. ಹೋದ ವರ್ಷ ಮೇವಿನ ಅಂಗಡಿಯ ಬೋರ್ಡಿಗೆಂದು ಕಲಸಿದ್ದಳು. ಅಂಗಡಿಯವನು ನೋಡಿ, "ಇದೆಂಥ ಬಣ್ಣನಮ್ಮ, ಹಳಸಿದ ಕಡಲಿನಂಗಿದೆ," ಎಂದು ಬೇಡ ಅಂದಿದ್ದ. ಇಡೀ ಡಬ್ಬಿಯನ್ನು ಅವಳು ಫಿದೆನ್ಸಿಯೋನಿಗೆ ಕೊಟ್ಟಿದ್ದಳು. ಅವನು ತನ್ನ ಸೈಕಲ್ಲಿಗೆ, ಸೈಕಲ್ಲಿನ ಕ್ಯಾರಿಯರಿಗೆ ಬಳಿದುಕೊಂಡಿದ್ದ. ಊರಿನಲ್ಲಿ ಆ ಬಣ್ಣ ಇನ್ನೆಲ್ಲೂ ಇರಲಿಲ್ಲ.

ಫಿದೆನ್ಸಿಯೋ ಸ್ಟ್ರೌಡನ ಲಾಯದಲ್ಲಿ ಹನ್ನೊಂದು ವರ್ಷದಿಂದ ಕುದುರೆ ನೋಡಿಕೊಳ್ಳುತ್ತಿದ್ದವನು. ಚರ್ಚಿನಲ್ಲಿ ಅವನ ಮಗಳ ಜ್ಞಾನಸ್ನಾನವಾದಾಗ ಧರ್ಮತಾಯಿಯಾಗಿ ನಿಂತವಳು ನಿಕನೋರಾ. ಸೋಮವಾರ ಬೆಳಗ್ಗೆ ಆರು ಗಂಟೆಗೆ ಅವನು ಸೈಕಲ್ ಸಮೇತ ರಸ್ತೆ ಪಕ್ಕದ ಕಾಲುವೆಯಲ್ಲಿ ಬಿದ್ದಿದ್ದ. ಎಡಗಾಲಿನ ಮೂಳೆ ಮೂರು ಕಡೆ ಮುರಿದಿತ್ತು. ಪೊಲೀಸಿನವರು ಬರೆದುಕೊಂಡರು: ಕುಡಿದಿದ್ದ, ತಾನಾಗಿ ಬಿದ್ದ. ಚರ್ಚಿನಲ್ಲಿ ಕೊಡುವ ಒಂದು ಗುಟುಕು ದ್ರಾಕ್ಷಾರಸಕ್ಕೂ ಮುಖ ಕಿವುಚುವ ಮನುಷ್ಯ ಅವನು.

ನಿಕನೋರಾ ಸ್ಪ್ಯಾನರ್ ಕೆಳಗಿಟ್ಟಳು. ಶೆಡ್ಡಿನ ಇನ್ನೊಬ್ಬ ಕೆಲಸಗಾರ, ವೆಲ್ಡಿಂಗ್ ಮಾಡುವ ಮೆಲಿತೋನ್‌ನನ್ನು ಕರೆದಳು.

"ಇಲ್ಲಿ ಬಾರೋ. ಫಿದೆನ್ಸಿಯೋ ಸೈಕಲ್ಲಿಗೆ ಕ್ಯಾರಿಯರ್ ಬೆಸುಗೆ ಹಾಕಿಕೊಟ್ಟೋನು ನೀನೇ ಅಲ್ವಾ?"

"ಹೂಂ. ಬುತ್ತಿ ಚೀಲ ಕಟ್ಟಕ್ಕೆ ಅಂತ ಹಿಂದುಗಡೆ ಎರಡು ಸರಳು ಹೊರಗೆ ಬಿಡು ಅಂದ. ಬಿಟ್ಟೆ."

"ಎರಡರ ನಡುವೆ ಎಷ್ಟು ಅಂತರ?"

ಮೆಲಿತೋನ್ ನಾಲ್ಕು ಬೆರಳು ಜೋಡಿಸಿ ತೋರಿಸಿದ. ಆ ಬೆರಳುಗಳನ್ನು ಅವಳು ಹಿಡಿದು ಎರಡು ಗುಳಿಗಳ ನಡುವೆ ಇಟ್ಟಳು. ಅಂತರ ಸರಿಹೊಂದಿತು.

"ಅಯ್ಯೋ ದೇವರೇ. ದೋನ್ಯಾ ನಿಕಾ, ಇದು..." ಊರಿನವರು ಗೌರವಕ್ಕೆ ಅವಳನ್ನು ಕರೆಯುತ್ತಿದ್ದದ್ದು ದೋನ್ಯಾ ಎಂದೇ.

"ಬಾಯಿ ಮುಚ್ಚು. ನಾನು ಬರೋವರೆಗೂ ಇದರ ಮೇಲೆ ಯಾರ ಕೈಯೂ ಬೀಳಬಾರದು."

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಸ್ಟ್ರೌಡನ ಆಳುಗಳ ಸಾಲುಮನೆಗೆ ನಡೆದಳು. ಫಿದೆನ್ಸಿಯೋನ ಹೆಂಡತಿ ಒತಿಲಿಯಾ ಪಾತ್ರೆಗಳನ್ನು ಹಳೆ ಪೇಪರಿನಲ್ಲಿ ಸುತ್ತುತ್ತಿದ್ದಳು. ಒಲೆಯ ಮೇಲೆ ಬೀನ್ಸ್ ಕಾಳು ತಳ ಹಿಡಿಯುತ್ತಿತ್ತು, ಅವಳಿಗೆ ಅದರ ಕಡೆ ಗಮನವಿರಲಿಲ್ಲ.

"ಏನೇ ಇದು ಕೊಮಾದ್ರೆ?" ಎಂದಳು ನಿಕನೋರಾ. ಮಗಳ ಜ್ಞಾನಸ್ನಾನವಾದಾಗಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ.

"ಭಾನುವಾರದೊಳಗೆ ಖಾಲಿ ಮಾಡ್ಬೇಕಂತೆ. ಮೇನೇಜರ್ ಬಂದು ಹೇಳ್ಹೋದ. ಮನೆ ಇರೋದು ಕೆಲಸ ಮಾಡೋರಿಗಂತೆ, ಮಲಗಿರೋರಿಗಲ್ಲವಂತೆ."

"ಆಸ್ಪತ್ರೇಲಿ ಫಿದೆನ್ಸಿಯೋ ಏನಂತಾನೆ?"

"ಏನಂತಾನೆ? ಮೊದಲನೇ ದಿನದಿಂದ ಅದನ್ನೇ ಅಂತಿದ್ದಾನೆ. ಪಿಕಪ್ಪು ಪಕ್ಕದಲ್ಲೇ ದಾಟ್ತಂತೆ. ಸದ್ಯ ಉಳಿದೆ ಅಂದ್ಕೊಂಡನಂತೆ. ಅದರ ಹಿಂದೆ ಟ್ರೇಲರ್ ಇತ್ತಲ್ಲ, ಅದು ಇನ್ನೂ ಅಗಲ. ಅದು ಹೊಡೀತಂತೆ. ಗಾಡಿ ನಿಂತ್ಕೊಂತಂತೆ ಕಣೇ. ನಿಂತು, ಬಾಗಿಲು ತೆಗೆದ ಸದ್ದೂ ಕೇಳಿಸ್ತಂತೆ. ಆಮೇಲೆ ಹೊರಟೋಯ್ತಂತೆ." ಒತಿಲಿಯಾ ಲೋಟವೊಂದನ್ನು ಸುತ್ತಿದ್ದ ಪೇಪರನ್ನು ಮತ್ತೆ ಬಿಚ್ಚಿ ಮತ್ತೆ ಸುತ್ತಿದಳು. "ಪೊಲೀಸಿನವನಿಗೆ ಹೇಳಿದ್ರೆ, ಯಾರ ಗಾಡಿ, ನಂಬರೇನು, ಸಾಕ್ಷಿ ಎಲ್ಲಿ ಅಂತಾನೆ. ಮಕಾಡೆ ಬಿದ್ದೋನು ನಂಬರ್ ನೋಡ್ತಾನಾ?"

"ಸೈಕಲ್ ಎಲ್ಲೈತೆ?"

"ಹುಡುಗರು ಕಾಲುವೆಯಿಂದ ಎತ್ತಿ ತಂದು ಹಿತ್ತಿಲಲ್ಲಿ ಹಾಕಿದ್ದಾರೆ. ಗುಜರಿಗೂ ಬೇಡ ಅದು."

ನಿಕನೋರಾ ಹಿತ್ತಿಲಿಗೆ ಹೋಗಿ ಸೈಕಲ್ಲಿನ ಮೇಲೆ ಮುಚ್ಚಿದ್ದ ತಗಡು ಸರಿಸಿ ನೋಡಿದಳು. ಹಿಂದಿನ ಚಕ್ರ ಎಂಟರ ಆಕಾರಕ್ಕೆ ತಿರುಚಿಕೊಂಡಿತ್ತು. ಕ್ಯಾರಿಯರಿನ ಹಿಂದಕ್ಕೆ ಚಾಚಿದ್ದ ಎರಡು ಸರಳುಗಳ ತುದಿಯಲ್ಲಿ ಬಣ್ಣ ಕಿತ್ತುಹೋಗಿ, ಬೆಳ್ಳಗಿನ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು.

ಅವಳು ಅಲ್ಲೇ ಕುಕ್ಕರಿಸಿದಳು. ನಿನ್ನೆ ಸ್ಟ್ರೌಡ್ ನಕ್ಕ ನಗು ಕಣ್ಣಮುಂದೆ ಬಂತು. ಜಾದೂ ಇದೆ ಅಂದಿದ್ದ. ಅವಳ ಕೈಯಿಂದಲೇ ಅವಳ ಕಡೆಯವರ ರಕ್ತ ಒರೆಸಿಸಲು ಹೊರಟಿದ್ದ. ಎರಡು ಗಂಟೆ ತಡವಾಗಿ ನೋಡಿದ್ದರೆ ಒರೆಸಿಯೂ ಬಿಡುತ್ತಿದ್ದಳು, ಕಣ್ಣು ಮುಚ್ಚಿ ಅಂಗೈಯಾಡಿಸಿ ಚೆನ್ನಾಗಿದೆ ಎಂದೂ ಬೀಗುತ್ತಿದ್ದಳು.

ಒಳಗೆ ಬಂದವಳು ಒಲೆ ಆರಿಸಿದಳು. "ಪಾತ್ರೆ ಎಲ್ಲ ಬಿಚ್ಚೇ. ನೀನು ಎಲ್ಲಿಗೂ ಹೋಗ್ತಿಲ್ಲ. ನಾಳೆ ಹತ್ತು ಗಂಟೆಗೆ ಈ ಸೈಕಲ್ ಶೆಡ್ಡಿಗೆ ಬರಬೇಕು. ಒಬ್ಬಳೇ ತರಬೇಡ. ಲಾಯದವರೆಲ್ಲ ಬರಲಿ."

"ಕೆಲಸ ಬಿಟ್ಟು ಬರ್ತಾರಾ?"

"ನಾಳೆ ಯಾವನ ಕಾಲು ಅಂತ ಕೇಳು. ಬರ್ತಾರೆ."

ಸಂಜೆ ನಾಲ್ಕಕ್ಕೆ ಹ್ಯಾಗರ್ಟಿ ಕೋಣೆಯಿಂದ ಹೊರಬಂದ. ಬಲಗಡೆಯ ಮಡ್‌ಗಾರ್ಡು ಬಿಚ್ಚಿ ಬೆಂಚಿನ ಮೇಲಿತ್ತು. ಅದರ ಪಕ್ಕ ನಿಕನೋರಾ ಸುಮ್ಮನೆ ಕೂತಿದ್ದಳು.

"ಏನಮ್ಮ, ಇನ್ನೂ ಕೈ ಹಾಕಿಲ್ಲ?"

"ಇದು ಕಂಬಕ್ಕೆ ತಾಗಿದ್ದಲ್ಲ ಯಜಮಾನ್ರೇ."

"ಕಂಬನೋ ಕತ್ತೆನೋ, ನಿನಗ್ಯಾಕೆ? ನಿನ್ನ ಕೆಲಸ ಬಡಿಯೋದು."

"ಬಡಿದೂ ಬಡಿದೂನೇ ಗೊತ್ತಾಗಿದ್ದು. ಹಿಂದಕ್ಕೆ ಹೋಗೋ ಗಾಡಿಗೆ ಮುಂದುಗಡೆ ಹೆಂಗೆ ತಾಗುತ್ತೆ, ಹೇಳಿ?"

ಹ್ಯಾಗರ್ಟಿ ಮಡ್‌ಗಾರ್ಡಿನ ಹತ್ತಿರಕ್ಕೂ ಬರಲಿಲ್ಲ. ಬಗ್ಗಿ ನೋಡಲೂ ಇಲ್ಲ. ನೋಡದೆಯೇ ಅವನಿಗೆ ಗೊತ್ತಿತ್ತೆಂದು ನಿಕನೋರಾಳಿಗೆ ಆಗ ಅರ್ಥವಾಯಿತು.

ಅವನು ಧ್ವನಿ ತಗ್ಗಿಸಿದ. "ನೋಡು ನಿಕಾ. ಈ ಶೆಡ್ಡು ನಿಂತಿರೋ ಜಾಗ ಸ್ಟ್ರೌಡ್‌ದು. ಅವನು ಬೆರಳು ಎತ್ತಿದ್ರೆ ನಾನೂ ಇಲ್ಲ, ನೀನೂ ಇಲ್ಲ. ಫಿದೆನ್ಸಿಯೋ ಕಾಲು ಮುರಿದಿದ್ದು ಮುರಿದಾಯ್ತು. ನೀನು ಸುತ್ತಿಗೆ ಕೆಳಗಿಟ್ರೆ ಕೂಡ್ಕೊಳ್ಳುತ್ತಾ?"

"ಕೂಡ್ಕೊಳ್ಳಲ್ಲ. ಎತ್ತಿದ್ರೆ ಸುಳ್ಳು ಕೂಡ್ಕೊಳ್ಳುತ್ತೆ."

"ನಾಳೆ ಬೆಳಗ್ಗೆ ಇದು ನೆಟ್ಟಗಾಗಿರಬೇಕು," ಎಂದು ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಮಡ್‌ಗಾರ್ಡು ಹಾಗೇ ಇತ್ತು. ಹ್ಯಾಗರ್ಟಿ ಮೆಲಿತೋನ್‌ನನ್ನು ಕರೆದ. "ನೀನು ಹಿಡಿ ಸುತ್ತಿಗೆ. ಅವಳ ಸೊಕ್ಕು ನನಗೆ ಬೇಡ."

ಮೆಲಿತೋನ್ ಕನ್ನಡಕ ಮೇಲಕ್ಕೆ ಸರಿಸಿದ. "ನನಗೆ ಅಲ್ಯೂಮಿನಿಯಂ ಬರಲ್ಲ ಯಜಮಾನ್ರೇ."

"ಹೋದ ವಾರ ಬರ್ತಿತ್ತಲ್ಲೋ?"

"ಮರೆತೋಯ್ತು."

ಹ್ಯಾಗರ್ಟಿಯ ಕತ್ತು ಕೆಂಪಗಾಯಿತು. ಬೆಂಚಿನ ಮೇಲಿದ್ದ ದೊಡ್ಡ ಸುತ್ತಿಗೆಯನ್ನು ತಾನೇ ಎತ್ತಿಕೊಂಡ. ಅವನಿಗೆ ಆ ಕೆಲಸ ಬಾರದು. ಬಂದರೂ ಬಾರದಿದ್ದರೂ ಬಡಿದು ಹಾಳುಮಾಡಲು ಏನು ವಿದ್ಯೆ ಬೇಕು? ಆ ಎರಡು ಗುಳಿ ಅಳಿಸಿಹೋದರೆ ಸಾಕಿತ್ತು. ಅವನು ಸುತ್ತಿಗೆ ಮೇಲೆತ್ತಿದ.

ನಿಕನೋರಾ ತನ್ನ ಬಲಗೈಯನ್ನು ತಂದು ನೆಗ್ಗಿನ ಮೇಲೆ ಹಾಸಿದಳು. ಬೆರಳುಗಳನ್ನು ಅಗಲಿಸಿ, ಅಂಗೈ ಒತ್ತಿ.

"ಹೊಡೀರಿ," ಎಂದಳು.

"ಕೈ ತೆಗಿ."

"ಹೊಡೀರಿ ಯಜಮಾನ್ರೇ. ಇಷ್ಟು ವರ್ಷ ನಿಮಗೋಸ್ಕರ ಸವೆದಿರೋ ಕೈ. ನೀವೇ ಮುಗಿಸಿಬಿಡಿ."

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅವಳು ಕೈ ತೆಗೆಯಲಿಲ್ಲ. ಕೊನೆಗೆ ಹ್ಯಾಗರ್ಟಿ ಸುತ್ತಿಗೆಯನ್ನು ನೆಲಕ್ಕೆ ಎಸೆದು ಫೋನಿನ ಕಡೆ ಓಡಿದ. ಮೊದಲು ಸ್ಟ್ರೌಡನಿಗೆ, ಆಮೇಲೆ ಪೊಲೀಸಿಗೆ.

ಸ್ಟ್ರೌಡ್ ಬಂದ. ಹಿಂದೆಯೇ ಪೊಲೀಸಿನ ಗ್ರಿಯೇಗೊ ಬಂದ. ಸೋಮವಾರದ ಕಾಗದ ಬರೆದಿದ್ದವನು ಅವನೇ. ಇದೇ ಊರಿನ ಹುಡುಗ, ಸಮವಸ್ತ್ರ ಹಾಕಿ ನಾಲ್ಕು ವರ್ಷವಾಗಿತ್ತು.

"ದೋನ್ಯಾ ನಿಕನೋರಾ, ಇದು ಅವರ ಸಾಮಾನು. ಕೊಟ್ಬಿಡಿ. ಕೊಡದಿದ್ರೆ ಕಳ್ಳತನ ಆಗುತ್ತೆ," ಎಂದ.

"ಕೊಡ್ತೀನಪ್ಪ. ಐದು ನಿಮಿಷ ನಿಂತ್ಕೊ. ನೆಂಟರು ಬರ್ತಿದ್ದಾರೆ."

ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಮುಂದೆ ಒತಿಲಿಯಾ. ಅವಳ ಹಿಂದೆ ಇಬ್ಬರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತಿದ್ದರು. ಅವರ ಹಿಂದೆ ಲಾಯದವರು. ಸ್ಟ್ರೌಡನ ಲಾಯದವರು ಮಾತ್ರವಲ್ಲ, ಅಕ್ಕಪಕ್ಕದ ರ‍್ಯಾಂಚಿನವರೂ ಇದ್ದರು. ಕುದುರೆ ತೊಳೆಯುವವರು, ಲಾಳ ಕಟ್ಟುವವರು, ಹುಲ್ಲು ಹೊರುವ ಹೆಂಗಸರು. ಕೆಲವರ ಬೂಟುಗಳಲ್ಲಿ ಲದ್ದಿ ಇನ್ನೂ ಹಸಿಯಾಗಿತ್ತು. ಅರವತ್ತು ಜನಕ್ಕೆ ಕಡಿಮೆಯಿರಲಿಲ್ಲ.

"ಏನು ಇದೆಲ್ಲ? ಕೆಲಸದ ಹೊತ್ತಲ್ಲವಾ?" ಸ್ಟ್ರೌಡ್ ಗದರಿದ.

ಗದರಿಕೆಗೆ ನಿಲ್ಲದೆ ಅವರು ಟ್ರೇಲರಿನ ಸುತ್ತ ಬಂದು ನಿಂತರು. ಹಾಗೆ ಬರುವುದೇ ಅವರಿಗೆ ಹೊಸದು, ಅವನಿಗೂ ಹೊಸದು.

ಮೆಲಿತೋನ್ ಮಡ್‌ಗಾರ್ಡನ್ನು ಎತ್ತಿ ಟ್ರೇಲರಿನ ಪಕ್ಕಕ್ಕೆ, ಅದು ಇದ್ದ ಜಾಗಕ್ಕೇ ಹಿಡಿದ. ನಿಕನೋರಾ ಎರಡು ಬೋಲ್ಟು ಬಿಗಿದಳು. ಸೈಕಲ್ ಹೊತ್ತವರು ಅದನ್ನು ನೆಲದ ಮೇಲೆ ನಿಲ್ಲಿಸಿ, ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಕ್ಯಾರಿಯರಿನ ಎರಡು ಸರಳುಗಳು ಎರಡು ಗುಳಿಗಳಿಗೆ ಹೋಗಿ ಕೂತವು. ಟಕ್ ಎಂದು ಒಂದೇ ಸದ್ದು. ಹೊತ್ತಿದ್ದವರು ಕೈ ಬಿಟ್ಟರು. ಸೈಕಲ್ಲು ಬೀಳಲಿಲ್ಲ.

ಗುಂಪಿನಲ್ಲಿ ಯಾರೋ ಹೆಂಗಸು ಬಿಕ್ಕಿದ್ದು ಕೇಳಿಸಿತು.

"ಯಾವ ಕಬ್ಬಿಣ ಇಟ್ರೂ ಕೂರುತ್ತೆ!" ಸ್ಟ್ರೌಡ್ ಕೂಗಿದ. "ಇದೆಂಥ ನಾಟಕ?"

"ಬಣ್ಣ ನೋಡಪ್ಪ," ಎಂದಳು ನಿಕನೋರಾ ಗ್ರಿಯೇಗೊಗೆ. "ಗುಳಿ ಒಳಗೆ ಸೈಕಲ್ಲಿನ ಬಣ್ಣ. ಸರಳಿನ ತುದೀಲಿ ಮಡ್‌ಗಾರ್ಡಿನ ಅಲ್ಯೂಮಿನಿಯಂ. ಇದು ಅದಕ್ಕೆ ಮೆತ್ತಿದೆ, ಅದು ಇದಕ್ಕೆ ಮೆತ್ತಿದೆ. ಗೇಟಿನ ಕಂಬ ಸೈಕಲ್ ತುಳೀತಿತ್ತಾ?"

ಗುಂಪಿನಲ್ಲಿ ನಗೆ ಎದ್ದಿತು. ಸಿಟ್ಟಿನ ನಗೆ. ಗ್ರಿಯೇಗೊ ಬಗ್ಗಿ ನೋಡಿದ. ಬಹಳ ಹೊತ್ತು ಏಳಲೇ ಇಲ್ಲ. ಎದ್ದಾಗ ಸ್ಟ್ರೌಡನ ಮುಖ ನೋಡಿದ, ಆಮೇಲೆ ಒತಿಲಿಯಾಳ ಮುಖ ನೋಡಿದ.

"ನಾನು... ನನ್ನ ಮೇಲಿನವರನ್ನ ಕೇಳ್ಬೇಕು. ಸದ್ಯಕ್ಕೆ ಮಡ್‌ಗಾರ್ಡು ನಾನು ತಗೊಂಡು ಹೋಗ್ತೀನಿ."

"ತಗೊಂಡು ಹೋಗು," ಎಂದಳು ನಿಕನೋರಾ. "ಬರೆದುಕೊಟ್ಟು ತಗೊಂಡು ಹೋಗು. ಏನು ತಗೊಂಡೆ, ಅದರ ಮೇಲೆ ಏನಿತ್ತು, ಎಲ್ಲ ಬರಿ. ಫಿದೆನ್ಸಿಯೋ ಕುಡಿದಿದ್ದ ಅಂತ ಬರೆಯೋಕೆ ಕೈ ಓಡ್ತಲ್ಲ, ಇದಕ್ಕೂ ಓಡಲಿ."

"ಅದೆಲ್ಲ ಆಫೀಸಲ್ಲಿ..."

"ಇಲ್ಲೇ!" ಎಂದಿತು ಗುಂಪು.

ಮುದುಕ ಲಾಳದವನೊಬ್ಬ ಮುಂದೆ ಬಂದ. "ಏ ಗ್ರಿಯೇಗೊ, ನಿಮ್ಮ ತಾತನೂ ನಾನೂ ಒಂದೇ ಲಾಯದಲ್ಲಿ ಲದ್ದಿ ಎತ್ತಿದೋರು ಕಣೋ. ಅವನಿಗೆ ಬರೆಯೋಕೆ ಬರ್ತಿರಲಿಲ್ಲ. ನಿನಗೆ ಬರುತ್ತಲ್ಲ, ಬರಿ."

ಸ್ಟ್ರೌಡ್ ಗ್ರಿಯೇಗೊನ ತೋಳು ಹಿಡಿದ. "ನೀನು ಒಂದಕ್ಷರ ಬರೆದ್ರೆ..."

ಅರವತ್ತು ಜೋಡಿ ಕಣ್ಣು ಆ ಹಿಡಿದ ಕೈಯನ್ನು ನೋಡುತ್ತಿದ್ದವು. ಗ್ರಿಯೇಗೊ ತೋಳು ಬಿಡಿಸಿಕೊಂಡ. ಜೇಬಿನಿಂದ ಪುಸ್ತಕ ತೆಗೆದ.

ಟ್ರೇಲರಿಗೇ ಒರಗಿ ಬರೆದ. ಒಂದು ಮಡ್‌ಗಾರ್ಡು, ಬಲಗಡೆಯದು. ಮುಂಭಾಗ ನೆಗ್ಗಿದೆ. ಎರಡು ಗುಳಿ, ಅದರಲ್ಲಿ ನೀಲಿ ಬಣ್ಣ.

"ನೀಲಿ ಅಲ್ಲ," ಎಂದಳು ನಿಕನೋರಾ. "ಸೈಕಲ್ಲಿನ ಬಣ್ಣ ಅಂತ ಬರಿ. ಸೈಕಲ್ಲಿನ ಸರಳು ಗುಳೀಲಿ ಕೂತ್ಕೊಂತು ಅಂತಾನೂ ಬರಿ. ನಿನ್ನ ಕಣ್ಣಾರೆ ಕಂಡಿದ್ದು ತಾನೇ?"

ಬರೆದ. ಸಹಿ ಹಾಕಿದ. ಹಾಳೆ ಹರಿದು ಅವಳಿಗೆ ಕೊಡಹೋದ. ಅವಳು ಒತಿಲಿಯಾಳ ಕಡೆ ಕೈ ತೋರಿಸಿದಳು. ಒತಿಲಿಯಾಗೆ ಓದು ಬಾರದು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಓದಪ್ಪ," ಎಂದಳು. "ಎಲ್ಲರಿಗೂ ಕೇಳೋ ಹಂಗೆ ಓದು."

ಗ್ರಿಯೇಗೊ ಓದಿದ. ಮೊದಲ ಸಾಲು ಮುಂದಿನವರಿಗೆ ಮಾತ್ರ ಕೇಳಿಸಿತು. ಎರಡನೆಯದು ಹಿಂದೆ ನಿಂತವರಿಗೂ ಕೇಳಿಸಿತು.

ಹ್ಯಾಗರ್ಟಿ ಅವತ್ತೇ ನಿಕನೋರಾಳನ್ನು ಕೆಲಸದಿಂದ ತೆಗೆದ. ಅವಳು ತನ್ನ ಮೂರು ಸುತ್ತಿಗೆ, ಒಂದು ಕೊಡತಿ, ಮರಳಿನ ಚೀಲವನ್ನು ಗೋಣಿಗೆ ತುಂಬಿಕೊಂಡಳು. ಮೆಲಿತೋನ್ ಗ್ಯಾಸು ಬಂದ್ ಮಾಡಿ ಅವಳ ಹಿಂದೆ ಹೊರಟ. ಸ್ಟ್ರೌಡನ ಟ್ರೇಲರು ಒಂದು ಕಡೆ ಬೋಳು ಚಕ್ರದಲ್ಲಿ ವಾಪಸಾಯಿತು. ಶನಿವಾರ ಅವನ ಕುದುರೆಗಳನ್ನು ಹತ್ತಿಸಲು ಒಬ್ಬನೂ ಬರಲಿಲ್ಲ.

ಮುಂದೆ ಕೇಸು ಹದಿನಾಲ್ಕು ತಿಂಗಳು ನಡೆಯಿತು. ಕುಡಿದಿದ್ದ ಎಂಬ ಕಾಗದ ಬಿದ್ದುಹೋಯಿತು. ಆಸ್ಪತ್ರೆಯ ಖರ್ಚು ಸ್ಟ್ರೌಡನ ತಲೆಗೆ ಬಂತು. ಆದರೆ ಬಿದ್ದವನನ್ನು ಕಂಡೂ ಬಿಟ್ಟುಹೋದ ಮನುಷ್ಯನನ್ನು ಕೋರ್ಟು ಒಂದು ದಿನವೂ ಒಳಗೆ ಕೂರಿಸಲಿಲ್ಲ. ಅವನ ಕುದುರೆಗಳು ಈಗಲೂ ಓಡುತ್ತವೆ. ಫಿದೆನ್ಸಿಯೋನ ಎಡಗಾಲು ಎರಡು ಬೆರಳಿನಷ್ಟು ಗಿಡ್ಡ.

ಆದರೂ ಆ ಭಾನುವಾರದ ಮಾತು ಹೇಳಲೇಬೇಕು. ಹೇಳಿದ್ದ ಹಾಗೆ ಮೇನೇಜರ್ ಬೆಳಗ್ಗೆ ಹನ್ನೊಂದಕ್ಕೆ ಬೀಗ ಹಿಡಿದು ಸಾಲುಮನೆಗೆ ಬಂದ. ಒತಿಲಿಯಾಳ ಬಾಗಿಲ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲ ಮೇಲೆ, ಅಂಗಳದಲ್ಲಿ, ಕಿಟಕಿಯ ಕೆಳಗೆ ಜನ ಕೂತಿದ್ದರು. ಚರ್ಚಿನಿಂದ ನೇರ ಬಂದವರು ಒಗೆದ ಅಂಗಿಯಲ್ಲಿದ್ದರು. ಗೋಧಿ ರೊಟ್ಟಿ, ಹಸಿಮೆಣಸಿನಕಾಯಿ ಸಾರು ಕೈಯಿಂದ ಕೈಗೆ ಹೋಗುತ್ತಿತ್ತು. ನಿಕನೋರಾ ಹೊಸ್ತಿಲ ಮೇಲೆ ಕೂತು ಊಟ ಮಾಡುತ್ತಿದ್ದಳು.

"ಏಳಿ, ಏಳಿ," ಎಂದ ಮೇನೇಜರ್. "ಇದು ಯಾರ ಜಾಗ ಅಂತ ಗೊತ್ತಿದೆಯಾ ನಿಮಗೆ?"

ಲಾಳದ ಮುದುಕ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಗೊತ್ತು. ಫಿದೆನ್ಸಿಯೋ ಮನೆ. ಆಸ್ಪತ್ರೆಗೆ ಹೋಗಿದ್ದಾನೆ, ಬರ್ತಾನೆ. ನೀನ್ಯಾರಪ್ಪ, ಏನಾಗ್ಬೇಕಿತ್ತು?"

ಯಾರೂ ಏಳಲಿಲ್ಲ. ಮೇನೇಜರ್ ಬಿಸಿಲಿನಲ್ಲಿ ಬೀಗ ಹಿಡಿದು ನಿಂತೇ ಇದ್ದ. ನಿಕನೋರಾ ಪಕ್ಕದವರ ಕಡೆ ಕೈಚಾಚಿ ಇನ್ನೊಂದು ರೊಟ್ಟಿ ಕೇಳಿದಳು.